‘ಮನ್ಯಾಗ ಕುಂತ ಹೊಲಿಯೂದಲ್ಲೇನವಾ?’

ಹೋದ ವಾರ ನಮ್ಮ ಬಾಗಲಕೋಟೆ ನವನಗರದಲ್ಲಿ ಮೂರು ದಿನದ ಕರಕುಶಲ ಮೇಳ ಇತ್ತು. ನಾನೂ ನಮ್ಮತ್ತೆಯವರೂ ಸೇರಿ ಒಂದು ಮಳಿಗೆ ಹಾಕಿದ್ದೆವು. ನಾಲ್ಕು ಕೌದಿ, ಅಂದರೆ ಹಳೆ ಸೀರೆ ಪದರ ಪದರವಾಗಿ ಹಾಕಿ ಕೈಯಲ್ಲಿ ಹೊಲಿಯೋ ಹೊದಿಕೆ. ಜೊತೆಗೆ ಗುಳೇದಗುಡ್ಡ ಖಣದಲ್ಲಿ, ಅಂದರೆ ಅಲ್ಲಿ ನೇಯೋ ಕುಪ್ಪಸದ ಬಟ್ಟೆಯಲ್ಲಿ, ಹೊಲಿದ ಕುಂಚಿಗೆ, ಕುಲಾವಿ (ಎರಡೂ ಕೂಸಿನ ತಲೆಗೆ ಹಾಕೋವು), ಸಣ್ಣ ಚೀಲ. ಮಳಿಗೆ ಬಾಡಿಗೆ 1500.

ಒಂದು ಕೌದಿಗೆ 2500 ಅಂದಿದ್ದೆ. ಮೊದಲನೇ ದಿನ ಎಷ್ಟು ಜನ ಇದೇ ಮಾತು ಹೇಳಿದರೋ ಲೆಕ್ಕ ಇಡಲಿಲ್ಲ: “ಮನ್ಯಾಗ ಕುಂತ ಹೊಲಿಯೂದಲ್ಲೇನವಾ? ಇಷ್ಟ ತುಟ್ಟಿ ಯಾಕ?”

ಇದನ್ನು ಗೆಳತಿಯರಿಗೆ ಹೇಳಿದರೆ “ನಮ್ಮ ಜನಕ್ಕೆ ಕೈಕೆಲಸದ ಬೆಲೆ ಗೊತ್ತಿಲ್ಲ, ಬೆಂಗಳೂರಿಗೆ ಒಯ್ದು ಮಾರು” ಅಂತಾರೆ. ನಾನಂತೂ ಒಪ್ಪಲ್ಲ. ಬೆಲೆ ಗೊತ್ತಿಲ್ಲದವರು ಕೌದಿ ತಿರುವಿ ಹಾಕಿ ಹಿಂಭಾಗ ನೋಡ್ತಾರಾ? ಇಲ್ಲಿ ಬಂದ ಹೆಂಗಸರೆಲ್ಲ ಮೊದಲು ಮಾಡಿದ್ದೇ ಅದು. ಹೊಲಿಗೆ ಸಾಲು ಎಲ್ಲಿ ಸೊಟ್ಟ ಆಗಿದೆ, ಒಳಗೆ ಎಷ್ಟು ಪದರ ಹಾಕಿದೀವಿ, ಎಲ್ಲ ಬೆರಳಲ್ಲೇ ಕಂಡುಹಿಡಿದರು. ಒಬ್ಬರು ಮೂಲೆ ಹಿಡಿದು “ಇಲ್ಲೆ ಜೋಲ್ ಬಿಟ್ಟೀದಿ ನೋಡು” ಅಂದರು. ನಿಜವಾಗಿಯೂ ಬಿಟ್ಟಿದ್ದೆ!

ಗೊತ್ತಿಲ್ಲ ಅಂತಲ್ಲ, ಅತಿಯಾಗಿ ಗೊತ್ತು. ಅವರವರ ಮನೆಯಲ್ಲಿ ಅವ್ವ, ಆಯಿ ಮಧ್ಯಾಹ್ನದ ಹೊತ್ತು ಕಟ್ಟೆ ಮೇಲೆ ಕೂತು ಇದನ್ನೇ ಹೊಲಿದಿದ್ದಾರೆ. ಅದಕ್ಕೆ ಯಾರೂ ದುಡ್ಡು ಕೊಟ್ಟಿದ್ದಿಲ್ಲ. ಅಡುಗೆ, ಮುಸುರೆ ಆದಮೇಲೆ ಮಾಡೋ ಕೆಲಸ ಅದು. ಪುಕ್ಕಟೆ ಸಿಕ್ಕಿದ್ದಕ್ಕೆ ಈಗ ದರ ಹೇಳಿದರೆ ನಗು ಬರುತ್ತೆ, ಅಷ್ಟೇ.

ಎರಡನೇ ದಿನ ಒಂದು ಚೀಟಿ ಬರೆದು ಕೌದಿಗೆ ಸಿಕ್ಕಿಸಿದೆ. ‘5 ಹಳೆ ಸೀರೆ, 70 ತಾಸು.’ ಒಬ್ಬ ಹುಡುಗ, ಎಂಟನೇ ಕ್ಲಾಸು ಇರಬೇಕು, ಮೊಬೈಲ್‌ನಲ್ಲಿ ಲೆಕ್ಕ ಹಾಕಿ “ಮಮ್ಮಿ, ತಾಸಿಗೆ 35 ರೂಪಾಯಿ ಬೀಳ್ತೈತಿ” ಅಂದ. ಎಂಟು ತಾಸಿಗೆ 280. ನರೇಗಾದಲ್ಲಿ ಮಣ್ಣು ಹೊತ್ತರೂ 2025-26ರಲ್ಲಿ ನಮ್ಮ ರಾಜ್ಯದಲ್ಲಿ ದಿನಗೂಲಿ 370 ಇತ್ತು. ಅವರ ತಾಯಿ ಸುಮ್ಮನಾದರು. ಕೌದಿ ಮಾತ್ರ ತಗೊಳ್ಳಲಿಲ್ಲ. ಎರಡು ಕುಲಾವಿ ಒಯ್ದರು, ಅದರಲ್ಲೂ 20 ರೂಪಾಯಿ ಬಿಡಿಸಿಕೊಂಡು.

ಕುಂಚಿಗೆ ಚೆನ್ನಾಗಿ ಹೋದವು. ತೊಟ್ಟಿಲಿಗೆ ಹಾಕೋ ಕಾರ್ಯಕ್ಕೆ ಖಣದ ಕುಂಚಿಗೆ ಇನ್ನೂ ಬೇಕು ಅಂತಾರೆ ನಮ್ಮ ಕಡೆ. ಒಬ್ಬ ಹುಡುಗಿ ಮಾತ್ರ “ಫೋಟೋ ತೆಗೆಸೋಕೆ ಒಂದಿನ ಬಾಡಿಗೆಗೆ ಕೊಡ್ತೀರಾ ಅಕ್ಕಾ?” ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನನಗೆ ಸಿಟ್ಟು ಬಂದದ್ದು ಚೌಕಾಸಿ ಮಾಡಿದವರ ಮೇಲಲ್ಲ. ಎದುರಿನ ಮಳಿಗೆಯಲ್ಲಿ ತುಂಡು ಜೋಡಿಸಿದ ಹಾಗೆ ಕಾಣೋ ಚಿತ್ರ ಅಚ್ಚು ಹಾಕಿದ ಹೊದಿಕೆ ಇಟ್ಟು, ‘ಕೈಯಲ್ಲಿ ಹೊಲಿದ ಕೌದಿ’ ಅಂತ ಫಲಕ ಹಾಕಿದ್ದರು. 600 ರೂಪಾಯಿ. ಅಲ್ಲೇ ಖಣ ಅಂತ ಪಾಲಿಸ್ಟರ್ ಬಟ್ಟೆ ಬೇರೆ. ಇಳಕಲ್ ಸೀರೆಗೂ ಗುಳೇದಗುಡ್ಡ ಖಣಕ್ಕೂ ಜಿಐ ಮಾನ್ಯತೆ, ಅಂದರೆ ಆ ಊರಿನದೇ ಅನ್ನೋ ಸರ್ಕಾರಿ ಗುರುತು, ಇದೆ. ಇದ್ದು ಏನು ಬಂತು, ಮೇಳ ನಡೆಸೋರೇ ಬಾಡಿಗೆ ಇಸ್ಕೊಂಡು ಸುಮ್ಮನಿದ್ದರೆ? ಅಗ್ಗದ ಹೊದಿಕೆ ಮಾರೋದು ತಪ್ಪಲ್ಲ. ಅದನ್ನು ಕೌದಿ ಅನ್ನೋದು ತಪ್ಪು. ತಗೊಳ್ಳೋರು ಒಮ್ಮೆ ಬೆರಳಾಡಿಸಿ ನೋಡಿ. ತುಂಡು ಸೇರೋ ಕಡೆ ಅಂಚು ಕೈಗೆ ಸಿಗಬೇಕು. ತಿರುವಿದರೆ ಸೂಜಿಯ ಸಾಲು ಆ ಕಡೆಯೂ ಕಾಣಬೇಕು, ಸ್ವಲ್ಪ ಹೆಚ್ಚುಕಮ್ಮಿಯಾಗೇ ಇರಬೇಕು.

ಕೊನೇ ದಿನ ಸಂಜೆ ಗಂಟು ಕಟ್ಟುವಾಗ ಒಬ್ಬ ಅಜ್ಜಿ ಬಂದರು. ಅವರ ಮನೆ ಹಳೆ ಬಾಗಲಕೋಟೆಯಲ್ಲಿತ್ತಂತೆ, ಆಲಮಟ್ಟಿ ಹಿನ್ನೀರಿಗೆ ಹೋಯಿತು. ಕೌದಿ ನೋಡಿ ದರ ಕೇಳಲೇ ಇಲ್ಲ. “ಸೀರಿ ನಾ ಕೊಡ್ತೀನಿ, ನೀ ಹೊಲಿದ ಕೊಡ್ತಿ ಏನು? ಕೂಲಿ ಎಷ್ಟ?” ಅಂದರು.

ಕೂಲಿ! ಮೂರು ದಿನದಲ್ಲಿ ಆ ಮಾತು ಆಡಿದ್ದು ಅವರೊಬ್ಬರೇ. 2200 ಅಂದೆ. “ಆತು” ಅಂದರು. ಬಟ್ಟೆ ಅವರದೇ ಆದಾಗ ದರ ಕಟ್ಟೋಕೆ ಉಳಿಯೋದು ಕೆಲಸ ಒಂದೇ ಅಲ್ವಾ? ಹಿಂದೆ ಓಣಿಯಲ್ಲಿ ಹಳೆ ಅರಿವಿ ಇಸ್ಕೊಂಡು ಕೌದಿ ಹೊಲಿದು ಕೊಡೋರಿಗೂ ಹೀಗೇ ಕೂಲಿ ಕೊಡ್ತಿದ್ದರು ಅಂತ ಅತ್ತೆ ಹೇಳಿದರು. ಇನ್ನು ಮೇಲೆ ಮೇಳಕ್ಕೆ ಎರಡೇ ಕೌದಿ ಒಯ್ಯೋದು, ನೋಡೋಕೆ ಅಂತ. ಉಳಿದದ್ದು ಕೂಲಿ ಲೆಕ್ಕ.

ಅಜ್ಜಿಯ ಗಂಟು ಈಗ ನಮ್ಮ ಮನೆಯಲ್ಲಿದೆ. ಆರು ಸೀರೆ. ಒಂದು ಹಳೇ ಇಳಕಲ್, ತೋಪು ತೆನಿ ಅನ್ನೋ ಹಳೇ ವಿನ್ಯಾಸದ ಸೆರಗಿನದು. ಮೈ ಸವೆದಿದೆ. ಸೆರಗಿನ ಕೆಂಪು ರೇಷ್ಮೆ ಮಾತ್ರ ಹಾಗೇ ಇದೆ, ಕೊಂಡಿ ಹಾಕಿ ಮೈಗೆ ಜೋಡಿಸಿದ ಕಡೆ ಒಂದು ಎಳೆಯೂ ಬಿಟ್ಟಿಲ್ಲ. ಎರಡು ದಿನದಿಂದ ಕತ್ತರಿ ಹಿಡಿದು ಕೆಳಗಿಡ್ತಾ ಇದೀನಿ. ನಾಳೆ ಫೋನ್ ಮಾಡಿ ಸೆರಗು ಬಿಡಲಾ ಅಂತ ಅಜ್ಜಿಯನ್ನೇ ಕೇಳಬೇಕು.