ಇಂಗ್ಲೆಂಡಿನ ಗಾಡಿ, ಕಲಬುರಗಿಯ ತೇಪೆ

ನಮ್ಮ ಅಂಗಳದ ಬೇವಿನ ಮರದ ಕೆಳಗೆ ಮೂರು ವರ್ಷದಿಂದ ಒಂದು ಕಾರು ನಿಂತಿದೆ. ನಿಂತಿದೆ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಗಾಲಿಗಳು ಅಟ್ಟದ ಮೇಲಿವೆ. ಶಹಾಬಾದ್ ಕಲ್ಲಿನ ಚಪ್ಪಡಿ ಹಾಸಿ, ಅದರ ಮೇಲೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಕೂರಿಸಿದ್ದೇನೆ. 1937ರ ಮೋರಿಸ್ ಎಯ್ಟ್ ಅದು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ ಹುಟ್ಟಿದ್ದು. ನಾಲ್ಕು ಸಿಲಿಂಡರ್, 918 ಸಿಸಿ. ಏಪ್ರಿಲ್ ಬಂದರೆ ನಮ್ಮ ಮನೆಯವಳು ಅದರ ತಲೆಯ ಮೇಲೆ ಹಳೆ ಧೋತರ ಹಾಸಿ ಸಂಡಿಗೆ ಒಣಗಿಸುತ್ತಾಳೆ. ಈ ಊರಿನ ಬಿಸಿಲಿಗೆ ಕಾದ ತಗಡಿನ ಮೇಲೆ ಸಂಡಿಗೆ ಒಂದೇ ದಿನಕ್ಕೆ ಗರಿಗರಿ. "ಮೂರು ವರ್ಷದಾಗ ಇದು ಒಂದ್ ಕೆಲಸಕ್ಕಾದ್ರೂ ಬಂತಲ್ರೀ" ಅನ್ನುತ್ತಾಳೆ. ನಾನು ಸುಮ್ನೆ ಇರುತ್ತೇನೆ.

ಇದು ಸಿಕ್ಕಿದ್ದು ಚಿತ್ತಾಪುರ ಕಡೆಯ ಒಂದು ಹಳ್ಳಿಯಲ್ಲಿ. ಮದುವೆಗೆ ಹೋಗಿದ್ದೆ. ಊಟ ಮಾಡಿ ಕೈ ತೊಳೆಯಲು ವಾಡೆಯ ಹಿತ್ತಲಿಗೆ ಹೋದಾಗ ಕಣಕಿ ಒಟ್ಟಿದ ಛಾವಣಿಯೊಳಗಿಂದ ಒಂದು ಹೆಡ್‌ಲೈಟು ನನ್ನನ್ನೇ ನೋಡಿತು. ಒಂದೇ. ಇನ್ನೊಂದರ ಜಾಗದಲ್ಲಿ ಗುಬ್ಬಿ ಗೂಡಿತ್ತು. ರಜಾಕಾರರ ಗದ್ದಲಕ್ಕಿಂತ ಮುಂಚೆ ಅಜ್ಜ ಹೈದರಾಬಾದಿನಲ್ಲಿ ಕೊಂಡದ್ದು ಅಂತ ಮನೆಯವರು ಹೇಳಿದರು. ಹಾಗಿದ್ದರೆ ಈ ಗಾಡಿ ನಿಜಾಮರ ರಾಜ್ಯ ನೋಡಿದೆ. 1948ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಸೇರಿದ ಹೈದರಾಬಾದ್ ನೋಡಿದೆ. 1956ರಲ್ಲಿ ಮೈಸೂರು, 1973ರಲ್ಲಿ ಕರ್ನಾಟಕ. ಬಹುಪಾಲು ಕಣಕಿಯ ಕೆಳಗೆ ಕೂತೇ ನಾಲ್ಕು ಸರ್ಕಾರ ದಾಟಿದೆ. ಹೊರಗೆ ಬರುವ ಹೊತ್ತಿಗೆ ಗುಲ್ಬರ್ಗಾ ಹೋಗಿ ಕಲಬುರಗಿ ಆಗಿತ್ತು.

ಎಂಜಿನ್ ಕಲ್ಲಾಗಿತ್ತು. ಹ್ಯಾಂಡಲ್ ಹಾಕಿ ತಿರುವಿದರೆ ಇಡೀ ಗಾಡಿ ಅಲುಗುತ್ತಿತ್ತು, ಪಿಸ್ಟನ್ ಮಾತ್ರ ಇಲ್ಲ. ಪ್ಲಗ್ ಬಿಚ್ಚಿ ನಾಲ್ಕೂ ತೂತಿಗೆ ಡೀಸೆಲ್ಲು, ತೆಳು ಎಣ್ಣೆ ಬೆರೆಸಿ ಸುರಿದು ಕಾಯುತ್ತಾ ಕೂತೆ. ದಿನಾ ಬೆಳಿಗ್ಗೆ ಚಹಾ ಕುಡಿದು ಒಂದು ಸಲ ಅಲುಗಿಸುವುದು, ಮತ್ತೆ ಎಣ್ಣೆ ಹಾಕುವುದು. ಆರು ವಾರ ಹೀಗೇ ನಡೆಯಿತು. ಒಂದು ದಿನ ಹ್ಯಾಂಡಲ್ ಕಾಲು ಸುತ್ತು ಬಂತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಅಂದುಕೊಂಡು ಕೋಲು ಹಿಡಿದು ಓಡಿ ಬಂದರು.

ಅಂದಹಾಗೆ ಆ ಹ್ಯಾಂಡಲ್ ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಹೆಬ್ಬೆರಳನ್ನು ಹಿಡಿಕೆಯ ಸುತ್ತ ಸುತ್ತಬಾರದು, ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿ ಹೋಗಬೇಕು, ಹೆಬ್ಬೆರಳನ್ನು ಕರೆದುಕೊಂಡು ಹೋಗಬಾರದು.

ಇಲ್ಲಿಂದ ಮುಂದೆ ನನ್ನ ಕೈಯಲ್ಲಿ ಆಗುವಂಥದ್ದಲ್ಲ. ಮಿಸ್ತ್ರಿ ಚಾಚಾ ಬಂದರು. ಎಪ್ಪತ್ತು ದಾಟಿದ ಮನುಷ್ಯ. ಅರ್ಧ ಕನ್ನಡ, ಅರ್ಧ ದಖ್ಖನಿ. ಬಂದವರೇ ಎಂಜಿನ್ನಿನ ಒಂದು ಬೋಲ್ಟಿಗೆ ಪಾನಾ ಹಾಕಿದರು. ಹದಿನಾಲ್ಕು ಮಿಲಿಮೀಟರಿನದು ದೊಡ್ಡದು, ಹದಿಮೂರರದು ಸಣ್ಣದು. "ಅಂಗ್ರೇಜಿ ಸೈಜ್ ಅದ ಸಾಬ್" ಅಂದು ಪೆಟ್ಟಿಗೆಯ ತಳದಿಂದ ತಮ್ಮ ಉಸ್ತಾದರ ಕಾಲದ ವಿಟ್‌ವರ್ತ್ ಪಾನಾ, ಅಂದರೆ ಇಂಗ್ಲೆಂಡಿನ ಹಳೆ ಇಂಚಿನ ಅಳತೆಯದು, ತೆಗೆದರು. ಸರಿಯಾಗಿ ಕೂತಿತು. ಬೋಲ್ಟ್ ಹೊರಬಂತು. ಆಟೆ ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೆರೆ. ಇಂಗ್ಲಿಷ್ ಆಟೆಯ ಹೊಸ ಬೋಲ್ಟ್ ತಂದು ತಿರುವಿದರೆ ಅದು ಒಳಗೇ ಹೋಗಲೊಲ್ಲದು! ತೂತಿನೊಳಗಿನ ಆಟೆ ಮೆಟ್ರಿಕ್, ತಲೆ ಮಾತ್ರ ಇಂಗ್ಲಿಷ್.

ಇದರ ಹಿಂದೆ ಒಂದು ಕಥೆ ಇದೆ. ಮೋರಿಸ್ ಕಂಪನಿ 1923ರಲ್ಲಿ ಹಾಚ್‌ಕಿಸ್ ಅನ್ನುವ ಫ್ರೆಂಚ್ ಕಂಪನಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನಡೆಸುತ್ತಿದ್ದ ಎಂಜಿನ್ ಕಾರ್ಖಾನೆಯನ್ನು ಕೊಂಡಿತು. ಅಲ್ಲಿನ ಯಂತ್ರಗಳೆಲ್ಲ ಮೆಟ್ರಿಕ್ ಆಟೆ ಕೊರೆಯುವಂಥವು. ಅವನ್ನು ಬದಲಿಸಲು ದುಡ್ಡು ಯಾರು ಕೊಡುತ್ತಾರೆ? ಆಟೆ ಫ್ರೆಂಚರದ್ದೇ ಉಳಿಯಿತು. ಆದರೆ ಇಂಗ್ಲೆಂಡಿನ ಮಿಸ್ತ್ರಿಗಳ ಹತ್ತಿರ ಇದ್ದದ್ದು ವಿಟ್‌ವರ್ತ್ ಪಾನಾ, ಹಾಗಾಗಿ ತಲೆ ಅದಕ್ಕೆ ತಕ್ಕ ಹಾಗೆ ಮಾಡಿದರು. ಇದನ್ನೆಲ್ಲ ಚಾಚಾಗೆ ವಿವರಿಸಿದೆ. ಅವರು ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿ, "ಅಂದ್ರ ಟೋಪಿ ಲಂಡನ್ದು, ಪೈಜಾಮ ಪ್ಯಾರಿಸ್ದು" ಅಂದರು. ಮೂರು ಪುಟ ಓದಿ ನಾನು ತಿಳಿದದ್ದು ಅಷ್ಟೇ. ಬೇಕಾದ ಬೋಲ್ಟುಗಳನ್ನು ಕೊನೆಗೆ ಲೇಥ್ ಅಂಗಡಿಯಲ್ಲಿ ಒಂದೊಂದಾಗಿ ಮಾಡಿಸಿದೆವು.

ಬೇರಿಂಗ್ ಕೆಲಸ ನೋಡುವ ಹಾಗಿತ್ತು. ಈಗಿನ ಗಾಡಿಗೆ ಬೇರಿಂಗ್ ಡಬ್ಬಿಯಲ್ಲಿ ಬರುತ್ತದೆ. ಇದರಲ್ಲಿ ಕನೆಕ್ಟಿಂಗ್ ರಾಡಿನ ಒಳಗೇ ಬಿಳಿ ಲೋಹ ಕಾಯಿಸಿ ಹೊಯ್ಯಬೇಕು. ಹೆಚ್ಚು ಪಾಲು ತವರ, ಜತೆಗೆ ಆಂಟಿಮನಿ, ಸ್ವಲ್ಪ ತಾಮ್ರ. ಚಿಕ್ಕಂದಿನಲ್ಲಿ ಓಣಿಗೆ ಬಂದು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರ ನೆನಪಾಯಿತು. ಅದೇ ತಿದಿ, ಅದೇ ನವಸಾಗರದ ಘಾಟು. ಲೋಹ ಎಷ್ಟು ಕಾದಿದೆ ಅಂತ ನೋಡಲು ಚಾಚಾ ಒಂದು ಕಡ್ಡಿ ಅದ್ದಿದರು. ಕಡ್ಡಿ ಕಂದು ಬಣ್ಣಕ್ಕೆ ತಿರುಗಬೇಕು, ಹೊತ್ತಿಕೊಳ್ಳಬಾರದು. ಬೆಂಕಿ ಮುಂದೆ ಅವರು ಯಾರ ಮಾತಿಗೂ ಉತ್ತರ ಕೊಡುವುದಿಲ್ಲ. ಮೊಬೈಲ್ ಬಡಕೊಂಡರೂ ಇಲ್ಲ.

ನೀರಿನ ವಿಷಯಕ್ಕೆ ನನಗೆ ಈಗಲೂ ಅಂಜಿಕೆ ಇದೆ. ಇದಕ್ಕೆ ನೀರು ತಿರುಗಿಸುವ ಪಂಪೇ ಇಲ್ಲ. ಬಿಸಿ ನೀರು ತಾನೇ ಮೇಲೇರಿ ರೇಡಿಯೇಟರಿಗೆ ಹೋಗಬೇಕು, ತಣ್ಣಗಾದದ್ದು ಕೆಳಗಿಳಿದು ಎಂಜಿನ್ನಿಗೆ ಬರಬೇಕು. ಆಕ್ಸ್‌ಫರ್ಡಿನ ಮಳೆಯಲ್ಲಿ ಅದು ಆರಾಮಾಗಿ ನಡೆದಿರುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಲ್ಲಿ ತಣ್ಣಗಾಗು ಅಂದರೆ ನೀರಾದರೂ ಏನು ಮಾಡಬೇಕು? ಪೆಟ್ರೋಲಿನದು ಇನ್ನೊಂದು ತಕರಾರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಹಳೆ ಕಾಲದ ರಬ್ಬರು, ಅರಗು ಬಳಿದ ಬಿರಡೆ ಅದಕ್ಕೆ ತಡೆಯುವುದಿಲ್ಲ. ಅವನ್ನೆಲ್ಲ ಬದಲಿಸಿಯಾಯಿತು.

ಇಷ್ಟರಲ್ಲಿ ಪುಣೆಯ ಒಬ್ಬ ಗೆಳೆಯರು ಫೋಟೋ ನೋಡಿ ಫೋನ್ ಮಾಡಿದರು. ಹಳೆ ಕಾರುಗಳ ವಿಷಯದಲ್ಲಿ ಬಹಳ ಮಡಿ ಅವರದು. "ಏನು ಮಾಡಿದ್ರೂ 1937ರ ಹಾಗೇ ಇರಬೇಕು. ನಂತರ ಸೇರಿದ್ದೆಲ್ಲ ಕಿತ್ತು ಹಾಕಿ" ಅಂದರು. ಸರಿ ಅಂತ ಹುಡುಕಲು ಕೂತೆ. ಕಾಲಡಿಯ ಹಲಗೆ ಬೇವಿನದು, ಹುಳು ಹಿಡಿಯದಿರಲಿ ಅಂತ ಯಾರೋ ಹಾಕಿದ್ದು. ಬಾನೆಟ್ಟಿನ ಅಂಚಿಗೆ ಸದ್ದು ಬರಬಾರದೆಂದು ಕೂರಿಸಿದ ಚರ್ಮದ ತುಂಡಿನಲ್ಲಿ ಚಪ್ಪಲಿಯ ಹೊಲಿಗೆ ಹಾಗೇ ಇದೆ. ಸ್ಟೀರಿಂಗಿನ ಕೆಳಗೆ ಪಿನ್ನಿನ ಬದಲು ಸೈಕಲ್ಲಿನ ಕಡ್ಡಿ. ಹಿಂದಿನ ಮಡ್‌ಗಾರ್ಡಿನ ಒಳಗೆ ಅಂಗೈಯಗಲದ ಒಂದು ತೇಪೆ. ಮಣ್ಣು ಕೆರೆದು ನೋಡಿದರೆ ಹಳದಿ ಬಣ್ಣ, ಅದರ ಮೇಲೆ ಹಸಿರು ಮರ. ಡಾಲ್ಡಾ ಡಬ್ಬಿ!

ಕೈ ನಿಂತಿತು. ಕೌಲಿಯಲ್ಲಿ ಈ ಗಾಡಿ ಇದ್ದದ್ದು ಎಷ್ಟು ದಿನ? ಹೆಚ್ಚೆಂದರೆ ಕೆಲವು ತಿಂಗಳು. ಉಳಿದ ಆಯುಷ್ಯವೆಲ್ಲ ಇಲ್ಲಿ, ಈ ಕಪ್ಪು ಮಣ್ಣಿನಲ್ಲಿ, ಬಿಡಿಭಾಗ ಸಿಗದ ಊರಿನ ಮಿಸ್ತ್ರಿಗಳ ಕೈಯಲ್ಲಿ ಕಳೆದದ್ದು. ಅವನ್ನೆಲ್ಲ ಕಿತ್ತರೆ ಉಳಿಯುವ ಗಾಡಿ ನಮ್ಮ ಕಡೆಯದ್ದು ಹೇಗಾದೀತು? ಹಾಗಂತ ಎಲ್ಲದಕ್ಕೂ ಕಣ್ಣೀರು ಹಾಕಲಿಲ್ಲ. ಸೈಕಲ್ ಕಡ್ಡಿಯನ್ನು ಅವತ್ತೇ ತೆಗೆದು ಸರಿಯಾದ ಪಿನ್ ಹಾಕಿಸಿದೆ. ಬ್ರೇಕಿನಲ್ಲಿ ಹಳೆಯದೇನೂ ಬಿಡಲಿಲ್ಲ. ಸ್ಟೀರಿಂಗ್, ಬ್ರೇಕು ಎರಡರಲ್ಲೂ ಇತಿಹಾಸ ಬೇಡ. ಹಲಗೆ, ಚರ್ಮ, ಡಬ್ಬಿ ಇರಲಿ ಅಂದುಕೊಂಡೆ. ಪುಣೆಯವರಿಗೆ ಇನ್ನೂ ಹೇಳಿಲ್ಲ.

ಚಾಚಾಗೆ ಹೇಳಿದೆ. "ಚಾಚಾ, ಈ ತೇಪೆ ತೆಗೀಬ್ಯಾಡ್ರಿ. ಹಂಗೇ ಇರಲಿ."

ಅವರು ಕನ್ನಡಕ ಏರಿಸಿ, ಮಡ್‌ಗಾರ್ಡಿನ ಒಳಗೆ ತಲೆ ತೂರಿಸಿ, ಬೆಸುಗೆಯ ಮೇಲೆ ಉಗುರು ಎಳೆದು ನೋಡಿದರು. "ಯಾರು ಮಾಡ್ಯಾರಿದು? ಕೈ ಚಲೋ ಇಲ್ಲ. ಬೆಸುಗಿ ಗಡ್ಡಿಗಡ್ಡಿ ಆಗ್ಯಾದ" ಅಂದರು. ನಾನು ಇತಿಹಾಸ, ನೆನಪು ಅಂತ ಏನೇನೋ ಹೇಳಿದೆ. ಅವರು ತಲೆ ಆಡಿಸಿದರು. ಒಪ್ಪಿದರು ಅಂದುಕೊಂಡು ನಾನು ಆಫೀಸಿಗೆ ಹೋದೆ.

ಸಂಜೆ ಬಂದು ನೋಡಿದರೆ ತೇಪೆ ಇದೆ. ಅದೇ ಡಬ್ಬಿ, ಅದೇ ಜಾಗ. ಆದರೆ ಬೆಸುಗೆ ಹೊಸದು, ದಾರ ಹಿಡಿದು ಎಳೆದಷ್ಟು ನೇರ.

"ಬಿಚ್ಚಿ ಮತ್ತ ಹಚ್ಚೀನಿ ಸಾಬ್" ಅಂದರು ಚಾಚಾ, ಕೈ ಒರೆಸಿಕೊಳ್ಳುತ್ತಾ. "ಆ ಮನಿಷ್ಯಾ ಗಿಡ ಉಲ್ಟಾ ಹಚ್ಚಿದ್ದ. ಸೀದಾ ಮಾಡೀನಿ."