ಆರ್‌ಸಿ ಕಾರಿನ ಬ್ಯಾಟರಿ: ನಿಮಿಷ ನೋಡ್ತೀರೋ, ವರ್ಷ ನೋಡ್ತೀರೋ?

ಆರ್‌ಸಿ ಕಾರು, ಅಂದರೆ ರಿಮೋಟಿನ ಆಟದ ಕಾರು, ಓಡಿಸೋರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರೋ ಪ್ರಶ್ನೆ ಇದು: "ಅಣ್ಣಾ, ತುಂಬಾ ಹೊತ್ತು ಬರೋ ಬ್ಯಾಟರಿ ಯಾವ್ದು ತಗೊಳ್ಲಿ?" ಕೆಳಗೆ ಸಾಲುಸಾಲು ಉತ್ತರ ಬೀಳುತ್ತೆ. ಒಬ್ಬರು 5200 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಅಂತಾರೆ, ಇನ್ನೊಬ್ಬರು 7000 ಅಂತಾರೆ, ಮತ್ತೊಬ್ಬರು "100ಸಿ ಇರೋದೇ ತಗೋ ಮಗಾ" (ಸಿ ಅಂದರೆ ಬ್ಯಾಟರಿ ಎಷ್ಟು ಜೋರಾಗಿ ಕರೆಂಟ್ ಕೊಡುತ್ತೆ ಅನ್ನೋ ರೇಟಿಂಗ್) ಅಂತ ಒಂದು ಲಿಂಕ್ ಎಸೆದು ಹೋಗ್ತಾರೆ. "ನೀನು ತಿಂಗಳಿಗೆ ಎಷ್ಟು ಸಲ ಓಡಿಸ್ತೀಯ? ಮಿಕ್ಕ ದಿನ ಆ ಬ್ಯಾಟರಿ ಹೇಗೆ ಬಿದ್ದಿರುತ್ತೆ?" ಅಂತ ಮಾತ್ರ ಯಾರೂ ಕೇಳಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳಕ್ಕೆ ಬನ್ನಿ. ರೇಸ್ ಟ್ರ್ಯಾಕಿಗೆ ಹೋಗೋ ನಾಲ್ಕು ಜನರನ್ನ ಬಿಟ್ಟರೆ ಉಳಿದ ನಾವೆಲ್ಲ ಭಾನುವಾರದ ಡ್ರೈವರ್‌ಗಳು. ಖಾಲಿ ಸೈಟು, ಶಾಲೆ ಮೈದಾನ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟು, ನಮ್ಮ ಸಾಮ್ರಾಜ್ಯ ಇಷ್ಟೇ. ನಮ್ಮಂಥವರ ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಓಡಿ ಸವೆದು ಹೋಗೋದು ಅಪರೂಪ. ಫುಲ್ ಚಾರ್ಜ್ ಆಗಿ ಕಪಾಟಿನಲ್ಲಿ ಕೂತು ಕೂತು ಹಾಳಾಗೋದೇ ಜಾಸ್ತಿ. ಹಾಗಾಗಿ ಎಂಎಎಚ್ ನೋಡೋ ಮುಂಚೆ ಚಾರ್ಜರ್ ನೋಡಿ, ಚಾರ್ಜರ್‌ಗೂ ಮುಂಚೆ ನಿಮಗೆ ನಿಜವಾಗಿ ಸಿಗೋ ಬಿಡುವು ಎಷ್ಟು ಅಂತ ನೋಡಿಕೊಳ್ಳಿ.

ನಿಮಿಷದ ಲೆಕ್ಕ ಮೊದಲು ಮುಗಿಸೋಣ, ಅದು ಸುಲಭ. 5000 ಎಂಎಎಚ್ ಅಂದರೆ 5 ಆಂಪ್ ಎಳೆದರೆ ಒಂದು ಗಂಟೆ. ನಿಮ್ಮ 1:10 ಕಾರು (ನಿಜವಾದ ಕಾರಿನ ಹತ್ತನೇ ಒಂದು ಅಳತೆಯದು) ಸರಾಸರಿ 20 ಆಂಪ್ ಎಳೆಯುತ್ತೆ ಅಂತಿಟ್ಟುಕೊಳ್ಳಿ, 15 ನಿಮಿಷಕ್ಕೆ ಖಾಲಿ. ಅದೇ ಕಾರು ಎತ್ತರದ ಹುಲ್ಲಿಗೆ ಇಳಿದು 30 ಎಳೆದರೆ 10 ನಿಮಿಷ. ಅಂದರೆ ಬ್ಯಾಟರಿ ಬದಲಾಯಿಸದೇನೆ ಸಮಯ ಹೆಚ್ಚಿಸಬಹುದು: ಪಿನಿಯನ್ನಿನಲ್ಲಿ (ಮೋಟರಿನ ತುದಿಯ ಪುಟ್ಟ ಗೇರು) ಎರಡು ಹಲ್ಲು ಕಮ್ಮಿ ಮಾಡಿ, ಟಾಪ್ ಸ್ಪೀಡ್ ಸ್ವಲ್ಪ ಹೋಗುತ್ತೆ, ಮೋಟರ್ ತಣ್ಣಗಿರುತ್ತೆ, ಆಟ ಒಂದಿಷ್ಟು ಲಂಬಿಸುತ್ತೆ. ಒಂದು ಪಿನಿಯನ್ನಿಗೆ ಬೀಳೋ ದುಡ್ಡು ಹೊಸ ಪ್ಯಾಕಿನ ಹತ್ತಿರಕ್ಕೂ ಬರಲ್ಲ. ದೊಡ್ಡ ಪ್ಯಾಕ್ ಅಂದರೆ ತೂಕವೂ ದೊಡ್ಡದು, ಆ ತೂಕ ಎಳೆಯೋಕೂ ಕರೆಂಟ್ ಬೇಕು. ಜಾಗದ ಸಮಸ್ಯೆ ಬೇರೆ. 1:10 ಕಾರುಗಳ ಸ್ಟಿಕ್ ಪ್ಯಾಕ್ ಅಂದರೆ ಸುಮಾರು 139 × 47 × 25 ಮಿಲಿಮೀಟರ್. ಟಮಿಯಾ ಕಂಪನಿಯ ಹಳೇ ಚಾಸಿಸ್‌ಗಳಲ್ಲಿ ಕೆಲವು ದುಂಡು ಸೆಲ್ಲುಗಳಿಗಂತಲೇ ಮಾಡಿದ್ದು, ಚೌಕ ಅಂಚಿನ, ಗಟ್ಟಿ ಪ್ಲಾಸ್ಟಿಕ್ ಕವಚದ ಹಾರ್ಡ್‌ಕೇಸ್ ಲಿಪೋ ಅದರಲ್ಲಿ ಕೂರೋದೇ ಇಲ್ಲ. ಸ್ಕೇಲ್ ಹಿಡಿದು ಅಳೆಯದೆ ಆರ್ಡರ್ ಮಾಡಬೇಡಿ.

ಈಗ ನಿಕಲ್. ನಿಕಲ್ ಮೆಟಲ್ ಹೈಡ್ರೈಡ್ ಅಂದರೆ ಮೂಗು ಮುರಿಯೋರು ಜಾಸ್ತಿ, ನಾನಂತೂ ಮುರಿಯಲ್ಲ. ಒಂದೊಂದು 1.2 ವೋಲ್ಟಿನ ಆರು ಸೆಲ್, ಒಟ್ಟು 7.2 ವೋಲ್ಟ್. ತೂಕ ಜಾಸ್ತಿ, ಜೋರಾಗಿ ಎಳೆದರೆ ವೋಲ್ಟೇಜ್ ಕುಸಿಯುತ್ತೆ, ಸುಮ್ಮನೆ ಇಟ್ಟರೂ ಚಾರ್ಜ್ ಸೋರುತ್ತೆ. ಎಲ್ಲಾ ನಿಜ. ಆದರೆ ಹತ್ತು ವರ್ಷದ ಹುಡುಗ ಕಾರನ್ನ ಮೋರಿಗೆ ಬೀಳಿಸಿ, ಸ್ವಿಚ್ ಆಫ್ ಮಾಡೋದು ಮರೆತು, ಬ್ಯಾಟರಿ ಪೂರ್ತಿ ಇಳಿಸಿ ತಂದುಕೊಟ್ಟರೆ ನಿಕಲ್ ಪ್ಯಾಕ್ ಬಹುಪಾಲು ಸಲ ಮತ್ತೆ ಎದ್ದು ಕೂರುತ್ತೆ. ಲಿಪೋಗೆ ಆ ಸೈರಣೆ ಇಲ್ಲ. ನಿಕಲ್ಲಿನ ಹೆಸರು ಕೆಡಿಸಿದ್ದು ಕಾರಿನ ಡಬ್ಬಿಯಲ್ಲೇ ಬರೋ ಆ ಗೋಡೆ ಚಾರ್ಜರ್. ಅದಕ್ಕೆ ಬ್ಯಾಟರಿ ತುಂಬಿತೋ ಇಲ್ಲವೋ ಅನ್ನೋದೇ ಗೊತ್ತಾಗಲ್ಲ, ಸುಮ್ಮನೆ ಸುರಿಯುತ್ತಾ ಇರುತ್ತೆ, ಪ್ಯಾಕ್ ಕಾದು ಬೇಯುತ್ತೆ. ತುಂಬಿದಾಗ ನಿಕಲ್ ಸೆಲ್ಲಿನ ವೋಲ್ಟೇಜ್ ಒಂಚೂರು ಕೆಳಗೆ ಬೀಳುತ್ತೆ. ಆ ಇಳಿತ ಹಿಡಿದು ನಿಲ್ಲಿಸೋ ಡೆಲ್ಟಾ ಪೀಕ್ ಚಾರ್ಜರ್ ಹಾಕಿ ನೋಡಿ, ಅದೇ ಪ್ಯಾಕ್ ನೂರಾರು ಸಲ ಚಾರ್ಜ್ ಆಗುತ್ತೆ.

ರಿಮೋಟಿಗೆ ಹಾಕೋ ಡಬಲ್ ಎ ಸೆಲ್ಲುಗಳಿಗಂತೂ ಎರಡನೇ ಯೋಚನೆ ಬೇಡ. 2005ರಲ್ಲಿ ಸ್ಯಾನ್ಯೋ ತಂದ, ಈಗ ಪ್ಯಾನಾಸೋನಿಕ್ ಮಾರೋ ಎನೆಲೂಪ್ ಥರದ ಕಮ್ಮಿ ಸೋರೋ ನಿಕಲ್ ಸೆಲ್ ತಗೊಳ್ಳಿ. ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಬಿದ್ದಿದ್ದರೂ ತೆಗೆದ ದಿನ ಕೆಲಸ ಮಾಡುತ್ತೆ. ನಾಲ್ಕು ಟ್ರಿಪಲ್ ಎ ಹಾಕಿ ಓಡಿಸೋ ಕ್ಯೋಷೋ ಮಿನಿ-ಝಡ್ ಅನ್ನೋ ಪುಟ್ಟ ಕಾರು ಇದ್ದೋರಿಗೂ ಇದೇ ಮಾತು.

ಇನ್ನು ಲಿಪೋ. ಬಲ ಬೇಕು ಅಂದರೆ ಇದಕ್ಕೆ ಸಾಟಿ ಇಲ್ಲ, ಒಪ್ಪಿದೆ. ಸೆಲ್ಲಿಗೆ 3.7 ವೋಲ್ಟ್, ತುಂಬಿದಾಗ 4.2, ಯಾವ ಕಾರಣಕ್ಕೂ 3.0ಕ್ಕಿಂತ ಕೆಳಗೆ ಇಳಿಸಬಾರದು. ಇಷ್ಟು ಎಲ್ಲರಿಗೂ ಗೊತ್ತು. ನಡುವಿನ ಸಂಖ್ಯೆ ಮಾತ್ರ ಯಾರ ನೆನಪಲ್ಲೂ ಇರಲ್ಲ: 3.8ರಿಂದ 3.85. ಆಡದೆ ಇರೋ ದಿನಗಳಲ್ಲಿ ಸೆಲ್ ಇರಬೇಕಾದ ಜಾಗ ಅದು. 4.2ರಲ್ಲೇ ಬಿಟ್ಟರೆ ಒಳಗಿನ ಎಲೆಕ್ಟ್ರೋಲೈಟ್ ನಿಧಾನವಾಗಿ ಒಡೆಯುತ್ತೆ, ಗ್ಯಾಸ್ ಆಗುತ್ತೆ, ಪ್ಯಾಕ್ ಉಬ್ಬುತ್ತೆ, ಒಳಗಿನ ಪ್ರತಿರೋಧ ಏರುತ್ತೆ. ಬಿಸಿ ಇದ್ದಷ್ಟೂ ಇದು ಬೇಗ. ಬೆಂಗಳೂರಿನ ಡಿಸೆಂಬರಿನಲ್ಲಿ ನಡೆದುಹೋಗೋ ಉದಾಸೀನ ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ನಡೆಯಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಲಿಪೋ ಬಿಟ್ಟು ಬರೋರಿಗೆ ನಾನು ಏನೂ ಹೇಳಲ್ಲ, ಕೈ ಮುಗೀತೀನಿ ಅಷ್ಟೆ.

ಸಾಮಾನ್ಯವಾಗಿ ಆಗೋದು ಹೀಗೆ. ಶನಿವಾರ ರಾತ್ರಿ ಎಲ್ಲಾ ಪ್ಯಾಕ್ ಫುಲ್ ಮಾಡಿ ಇಟ್ಟುಕೊಳ್ತೀವಿ. ಭಾನುವಾರ ಮಧ್ಯಾಹ್ನ ಮೋಡ ಕಟ್ಟುತ್ತೆ, ನಾಲ್ಕು ಗಂಟೆಗೆ ಮಳೆ. ಮುಂದಿನ ವಾರ ಮದುವೆ, ಅದರ ಮುಂದಿನ ವಾರ ಯಾರದೋ ಗೃಹಪ್ರವೇಶ. ಬ್ಯಾಟರಿ 4.2ರಲ್ಲೇ ತಿಂಗಳು ಕಳೆಯಿತು. ಚಾರ್ಜರಿನಲ್ಲಿ ಸೆಲ್ಲನ್ನ ಆ 3.8ರ ಆಸುಪಾಸಿಗೆ ತಂದು ನಿಲ್ಲಿಸೋ ಸ್ಟೋರೇಜ್ ಮೋಡ್ ಇದೆಯಲ್ಲ ಅಂತೀರಾ? ಇದೆ. ಆದರೆ ನಮ್ಮಲ್ಲಿ ಬಹಳ ಜನರ ಹತ್ತಿರ ಇರೋ ಬಿ6 ಥರದ ಚಾರ್ಜರ್ ಡಿಸ್ಚಾರ್ಜ್ ಮಾಡೋ ಶಕ್ತಿ ಬರೀ 5 ವ್ಯಾಟ್. 2ಎಸ್ (ಎರಡು ಸೆಲ್ ಸರಣಿಯಲ್ಲಿ ಜೋಡಿಸಿದ) 5000 ಪ್ಯಾಕಿನಲ್ಲಿ 37 ವ್ಯಾಟ್-ಅವರ್ ಇರುತ್ತೆ, ಅದರಲ್ಲಿ ಅರ್ಧದಷ್ಟನ್ನ ಇಳಿಸಬೇಕು. ಲೆಕ್ಕ ಹಾಕಿ, ಮೂರು ಗಂಟೆ ದಾಟುತ್ತೆ. ಫ್ಯಾನ್ ಗುಂಯ್ ಅಂತಾ ಇರುತ್ತೆ, ಮನೆಯವರು "ಅದೇನು ಸದ್ದು ಆಫ್ ಮಾಡ್ರೀ" ಅಂತಾ ಇರ್ತಾರೆ. ಎರಡು ಪ್ಯಾಕ್ ಇದ್ದರೆ ಅರ್ಧ ದಿನ ಅಲ್ಲೇ ಹೋಯಿತು. ಅದಕ್ಕೇ ರಾತ್ರಿ ಫುಲ್ ಮಾಡೋದನ್ನೇ ಬಿಡಿ. ಸ್ಟೋರೇಜಿನಲ್ಲಿರೋ ಪ್ಯಾಕ್ ಅರ್ಧ ತುಂಬಿರುತ್ತೆ. ಹೊರಡೋ ದಿನ 1ಸಿ ಅಂದರೆ 5000ಕ್ಕೆ 5 ಆಂಪಿನಲ್ಲಿ ಬ್ಯಾಲೆನ್ಸ್ ಚಾರ್ಜಿಗೆ (ಎಲ್ಲ ಸೆಲ್ಲನ್ನೂ ಸಮ ಮಾಡೋ ಚಾರ್ಜು) ಹಾಕಿದರೆ ತಿಂಡಿ ಕಾಫಿ ಮುಗಿಸಿ ಶೂ ಹಾಕೋಷ್ಟರಲ್ಲಿ ರೆಡಿ. ಚಾರ್ಜಿಗೆ ಹಾಕಿ ಮನೆಯಿಂದ ಆಚೆ ಮಾತ್ರ ಹೋಗಬೇಡಿ.

ಲಿಪೋ ಹಾಳಾಗೋ ಇನ್ನೊಂದು ದಾರಿ ಕಾರಿನ ಒಳಗೇ ಇದೆ. ಹಾಬಿವಿಂಗಿನ ಕ್ವಿಕ್‌ರನ್ 1060 ಅನ್ನೋ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸೋ ಪೆಟ್ಟಿಗೆ) ನಮ್ಮಲ್ಲಿ ಬಹಳ ಕಾರುಗಳಲ್ಲಿ ಕಾಣಸಿಗುತ್ತೆ. ಅದರ ಮೈಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಪುಟಾಣಿ ಜಂಪರ್ ಕ್ಯಾಪ್ ಇರುತ್ತೆ. ಉಗುರಲ್ಲಿ ಕಿತ್ತು ಪಕ್ಕದ ಪಿನ್ನಿಗೆ ಹಾಕಿದರೆ ಅದು ನಿಕಲ್‌ನಿಂದ ಲಿಪೋಗೆ ಬದಲಾಗುತ್ತೆ. ಅಷ್ಟೇ ಕೆಲಸ. ಅದನ್ನ ನಿಕಲ್‌ನಲ್ಲೇ ಬಿಟ್ಟು ಲಿಪೋ ಹಾಕಿದರೆ ಇಎಸ್‌ಸಿ 2ಎಸ್ ಪ್ಯಾಕನ್ನ 6 ವೋಲ್ಟಿಗಿಂತಲೂ ಎಷ್ಟೋ ಕೆಳಗೆ ಹೀರಿಬಿಡುತ್ತೆ. ಕಾರು ನಿಂತಾಗ ಸೆಲ್ಲೂ ಹೋಗಿರುತ್ತೆ. ಆಟ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿದರೆ ಸಾಲದು, ಕನೆಕ್ಟರ್ ಕಿತ್ತಿಡಿ. ಆಫ್ ಆಗಿದ್ದರೂ ಕೆಲವು ಇಎಸ್‌ಸಿಗಳು ಸಣ್ಣಗೆ ಕರೆಂಟ್ ಕುಡೀತಾನೇ ಇರುತ್ತೆ.

ಸಿ ರೇಟಿಂಗ್ ಬಗ್ಗೆ ನನಗೆ ಹಳೇ ಸಿಟ್ಟಿದೆ. 5000 ಎಂಎಎಚ್, 100ಸಿ ಅಂತ ಬರೆದಿದ್ದರೆ ಅದರ ಅರ್ಥ 500 ಆಂಪ್ ನಿರಂತರವಾಗಿ ಕೊಡ್ತೀನಿ ಅಂತ. ಅದೇ ಪ್ಯಾಕಿಗೆ ಬೆಸುಗೆ ಹಾಕಿರೋ ಕನೆಕ್ಟರಿನ ಹೆಸರು ಎಕ್ಸ್‌ಟಿ60, ಅದು ಇರೋದೇ 60 ಆಂಪಿಗೆ! ಲೇಬಲ್ ಬರೆದ ಪುಣ್ಯಾತ್ಮ ವೈರನ್ನೂ ನೋಡಿಲ್ಲ. ಲೇಬಲ್ ಬಿಡಿ, ಒಳ ಪ್ರತಿರೋಧ ನೋಡಿ. ಈಗಿನ ಅನೇಕ ಚಾರ್ಜರ್‌ಗಳು ಪ್ರತಿ ಸೆಲ್ಲಿನ ಮಿಲಿಓಮ್ ತೋರಿಸುತ್ತೆ. ಪ್ಯಾಕಿನ ಒಟ್ಟು ಪ್ರತಿರೋಧ 10 ಮಿಲಿಓಮ್ ಇದ್ದು ನೀವು 40 ಆಂಪ್ ಎಳೆದರೆ 0.4 ವೋಲ್ಟ್ ಅಲ್ಲೇ ಹೋಯಿತು, 16 ವ್ಯಾಟ್ ಶಾಖವಾಗಿ ಪ್ಯಾಕಿನೊಳಗೇ ಉಳೀತು. 20 ಮಿಲಿಓಮ್ ಆದರೆ ಎರಡೂ ದುಪ್ಪಟ್ಟು. ಆ ಶಾಖವೇ ಮತ್ತೆ ಬ್ಯಾಟರಿಯ ಆಯಸ್ಸು ತಿನ್ನುತ್ತೆ. ಹೊಸ ಪ್ಯಾಕ್ ಬಂದ ದಿನವೇ ಅಳೆದು ಮಾರ್ಕರಿನಲ್ಲಿ ಪ್ಯಾಕ್ ಮೇಲೇ ತಾರೀಖಿನ ಸಮೇತ ಬರೆದಿಡಿ. ಒಂದು ಸೆಲ್ 3, ಪಕ್ಕದ್ದು 9 ತೋರಿಸಿದರೆ ಅವತ್ತೇ ವಾಪಸ್ ಕಳಿಸಿ. ನನ್ನ ಕೇಳಿದರೆ ನಿಯತ್ತಿನ 40ಸಿ ಸಾಕು, ಸುಳ್ಳಿನ 100ಸಿ ಬೇಡ.

ಸುಳ್ಳು ಅಂದಮೇಲೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನ ಮಾತು ಬರಲೇಬೇಕು. ನನಗೆ ಆ ರಸ್ತೆ ಅಂದರೆ ಪ್ರಾಣ, ಅದು ಬೇರೆ ವಿಷಯ. ಅಲ್ಲಿನ ಒಂದು ಗಲ್ಲಿಯಲ್ಲಿ ಅಂಗಡಿಯವರೊಬ್ಬರು 18650 ಅನ್ನೋ ದುಂಡನೆ ಲಿಥಿಯಂ ಸೆಲ್ ಕೈಗಿಟ್ಟು ಹೇಳಿದ್ದರು: "ಸರ್, ಇದು 9800 ಎಂಎಎಚ್ಚು, ಒಂದ್ಸಲ ಹಾಕಿದ್ರೆ ದಿನಪೂರ್ತಿ."

"ತೂಕ ನೋಡಬಹುದಾ?"

"ತೂಕ ಯಾಕ್ ಸರ್, ತೊಗರಿಬೇಳೆನಾ ಇದು?"

ನಕ್ಕು ಬಂದೆ. ಆದರೆ ತೂಕವೇ ಇಲ್ಲಿ ಸಾಕ್ಷಿ. ಒಳ್ಳೆ ಕಂಪನಿಗಳ 18650 ಸೆಲ್ಲುಗಳಲ್ಲಿ ಹೆಚ್ಚಿನವು 3500 ಎಂಎಎಚ್ ಒಳಗೇ ಇರುತ್ತೆ, ತೂಕ 45 ಗ್ರಾಂ ಆಸುಪಾಸು. ಇಷ್ಟು ಪುಟ್ಟ ಕೊಳವೆಯಲ್ಲಿ 9800 ತುಂಬೋ ವಿದ್ಯೆ ಯಾರಿಗೂ ಒಲಿದಿಲ್ಲ. ಲಿಪೋಗೂ ಇದೇ ಪರೀಕ್ಷೆ: 2ಎಸ್ 5000 ಹಾರ್ಡ್‌ಕೇಸ್ ಅಂತ ಕೊಟ್ಟು ಅಡುಗೆಮನೆ ತಕ್ಕಡಿಯಲ್ಲಿ 150 ಗ್ರಾಂ ತೂಗಿದರೆ ಒಳಗೆ 5000 ಇಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಬಗ್ಗೆಯೂ ಕೇಳ್ತೀರಿ ಅಂತ ಗೊತ್ತು. ವರ್ಷಗಳ ಲೆಕ್ಕದಲ್ಲಿ ಅದೇ ಗೆಲ್ಲೋದು. 1990ರ ದಶಕದಲ್ಲಿ ಜಾನ್ ಗುಡ್‌ಇನಫ್ ಅವರ ಟೆಕ್ಸಾಸ್ ಪ್ರಯೋಗಾಲಯದಿಂದ ಬಂದಿದ್ದು (2019ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೊಬ್ಬರು). ಸಾವಿರಕ್ಕೂ ಮೀರಿ ಚಾರ್ಜ್ ತಡೆಯುತ್ತೆ, ಬೆಂಕಿ ಭಯ ಲಿಪೋಗಿಂತ ಬಹಳ ಕಮ್ಮಿ. ಆದರೆ ಸೆಲ್ಲಿಗೆ 3.2ರಿಂದ 3.3 ವೋಲ್ಟ್ ಮಾತ್ರ, ಅಷ್ಟೇ ಜಾಗದಲ್ಲಿ ಶಕ್ತಿಯೂ ಕಮ್ಮಿ, ಕಾರಿನ ಅಳತೆಯ ಪ್ಯಾಕ್ ಹುಡುಕೋಷ್ಟರಲ್ಲಿ ಸಾಕಾಗುತ್ತೆ. ನೈಟ್ರೋ (ಇಂಧನದ ಎಂಜಿನ್) ಕಾರಿನ ರಿಸೀವರ್ ಪ್ಯಾಕಿಗೆ ಹಾಕಿ, ಸರ್ವೋ (ಚಕ್ರ ತಿರುಗಿಸೋ ಪುಟ್ಟ ಮೋಟರ್) ಎರಡು ಸೆಲ್ಲಿನ 6.6 ವೋಲ್ಟ್ ತಡೆಯುತ್ತಾ ನೋಡಿಕೊಂಡು. ಚಾರ್ಜರಿನಲ್ಲಿ ಲೈಫ್ (LiFe, ಅಂದರೆ ಈ ಬ್ಯಾಟರಿಯದೇ) ಮೋಡ್ ಇರಲೇಬೇಕು. ಲಿಪೋ ಮೋಡಿನಲ್ಲಿ ಚಾರ್ಜ್ ಮಾಡಿದರೆ ಅದರ ಕಥೆ ಅಲ್ಲಿಗೆ ಮುಗೀತು.

ಹಾಗಾದ್ರೆ ಏನು ತಗೊಳ್ಳೋದು? ಮನೆಯ ಮಗುವಿಗೆ ಮೊದಲ ಕಾರು ಅಂದರೆ 3000 ಎಂಎಎಚ್ ನಿಕಲ್ ಪ್ಯಾಕ್, ಜೊತೆಗೆ ಒಂದು ಸರಿಯಾದ ಚಾರ್ಜರ್. ನಿಮಗೇ ಅಂದರೆ, ಚಾರ್ಜರಿಗೆ ಮೊದಲು ದುಡ್ಡು ಎತ್ತಿಡಿ, ಉಳಿದದ್ದರಲ್ಲಿ 4000ದಿಂದ 5000 ಎಂಎಎಚ್‌ನ ಎರಡು 2ಎಸ್ ಹಾರ್ಡ್‌ಕೇಸ್. ಒಂದೇ ಒಂದು 8000 ಬೇಡ. ಎರಡಿದ್ದರೆ ಒಂದು ಮುಗಿದಾಗ ಮೋಟರಿಗೂ ಹತ್ತು ನಿಮಿಷ ಉಸಿರು ಸಿಗುತ್ತೆ, ಒಂದು ಕೆಟ್ಟರೆ ಇನ್ನೊಂದು ಇರುತ್ತೆ. ಟಮಿಯಾದ ಟಿಟಿ-02 ಕಾರಿನ ಜೊತೆ ಬರೋ ಸಾದಾ 540 ಮೋಟರಿಗೆ 3ಎಸ್ ಹಾಕೋ ಆಸೆ ಬಿಟ್ಟುಬಿಡಿ. ತಿಂಗಳಿಗೊಮ್ಮೆಯೂ ಆಚೆ ತೆಗೆಯಲ್ಲ, ಸ್ಟೋರೇಜ್ ಗೀರೇಜ್ ನನ್ನ ಕೈಲಾಗಲ್ಲ ಅನ್ನೋರು ನಾಚಿಕೆ ಪಡದೆ ನಿಕಲ್ಲಿಗೇ ಬನ್ನಿ. ರೇಸ್ ಗೆಳೆಯರು ನಗ್ತಾರೆ, ನಗಲಿ. ಅವರು ಸೀಸನ್ನಿಗೊಂದು ಪ್ಯಾಕ್ ಎಸೆಯೋರು, ಅವರ ಲೆಕ್ಕವೇ ಬೇರೆ.

ಅಮೆರಿಕದಿಂದ ಬರೋ ಭಾವನ ಹತ್ತಿರ ತರಿಸೋರಿಗೆ ಒಂದು ಮಾತು: ಬಿಡಿ ಲಿಥಿಯಂ ಪ್ಯಾಕ್ ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡೋ ಹಾಗಿಲ್ಲ, ಕೈಚೀಲದಲ್ಲೇ ಬರಬೇಕು, ಟರ್ಮಿನಲ್ಲಿಗೆ ಟೇಪ್ ಹಾಕಿರಬೇಕು. 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. 3ಎಸ್ 5000 ಕೂಡ 55.5 ಅಷ್ಟೆ.

ಕೊನೆಗೆ ಉಬ್ಬಿದ ಪ್ಯಾಕು. ಚುಚ್ಚಬೇಡಿ, ಒತ್ತಬೇಡಿ, "ಇನ್ನೊಂದ್ಸಲ ನೋಡೋಣ" ಅಂತ ಚಾರ್ಜಿಗೆ ಹಾಕಬೇಡಿ. ಕನೆಕ್ಟರಿಗೆ ಟೇಪ್ ಸುತ್ತಿ, ಮರಳು ತುಂಬಿದ ಡಬ್ಬಿಯಲ್ಲಿ ಮನೆಯಿಂದ ಹೊರಗೆ ಇಡಿ. ಕಸದ ಗಾಡಿಗಂತೂ ಹಾಕಲೇಬೇಡಿ, ಅಲ್ಲಿ ಕಾಂಪ್ಯಾಕ್ಟರ್ ಒತ್ತಿದಾಗ ಹೊತ್ತಿಕೊಂಡರೆ ಕೈ ಸುಟ್ಟುಕೊಳ್ಳೋರು ಪೌರಕಾರ್ಮಿಕರು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸೋ ಹೊಣೆ ತಯಾರಕರು ಮತ್ತು ಆಮದುದಾರರದು. ಆದರೆ ನೀವು ಅಂಗಡಿಯಲ್ಲಿ ಕೇಳಿದರೆ ಮುಖ ಮುಖ ನೋಡ್ತಾರೆ. ಬೆಂಗಳೂರಲ್ಲಿ ಇ-ವೇಸ್ಟ್ ತಗೊಳ್ಳೋರು ಹುಡುಕಿದರೆ ಸಿಗ್ತಾರೆ. ಹುಬ್ಬಳ್ಳಿ, ಮಂಗಳೂರು, ಮೈಸೂರು ಕಡೆ ಲಿಥಿಯಂ ಪ್ಯಾಕ್ ನಿಜವಾಗಿ ತಗೊಳ್ಳೋ ಜಾಗ ಯಾವುದಾದರೂ ನೀವೇ ಹೋಗಿ ಕೊಟ್ಟು ಬಂದಿದ್ದರೆ ಕಾಮೆಂಟಿನಲ್ಲಿ ಹಾಕಿ, ಬಹಳ ಜನಕ್ಕೆ ಬೇಕಾಗಿದೆ.