ರಾತ್ರಿ ಎತ್ತಿ ಕೂರಿಸುವವರು ಯಾರು?

ಮಂಡ್ಯದ ಕಡೆ ಯಾರಾದರೂ ಅಪ್ಪನನ್ನೋ ಅಮ್ಮನನ್ನೋ ವೃದ್ಧಾಶ್ರಮಕ್ಕೆ ಸೇರಿಸಿದರೆ ಊರಿಗೆಲ್ಲ ಗೊತ್ತಾಗಲು ಅರ್ಧ ದಿನ ಸಾಕು. "ಮೂರು ಜನ ಗಂಡ್‌ಮಕ್ಳಿದ್ದೂ ಆಸ್ರಮುಕ್ಕೆ ಬುಟ್ಟವ್ರೆ ನೋಡು" ಎಂಬ ಮಾತು ಅರಳಿಕಟ್ಟೆಯಿಂದ ಹಾಲಿನ ಡೇರಿಯವರೆಗೆ ಓಡಾಡುತ್ತದೆ. ಮಕ್ಕಳು ಸರಿಯಿಲ್ಲ, ಸೊಸೆಯಂತೂ ಮೊದಲಿಂದಲೂ ಸರಿಯಿಲ್ಲ ಎಂದು ತೀರ್ಮಾನವೂ ಆಗಿಹೋಗುತ್ತದೆ. ಜರ್ಮನಿಯಲ್ಲಿ ನೆಲೆಸಿರುವ ನನಗೆ ಊರಿಗೆ ಹೋದಾಗಲೆಲ್ಲ ಎದುರಾಗುವ ಪ್ರಶ್ನೆಯೂ ಇದೇ ಜಾಡಿನದು: "ಅಲ್ಲಿ ವಯಸ್ಸಾದ್ಮೇಲೆ ಎಲ್ರುನ್ನೂ ಆಶ್ರಮಕ್ಕೆ ಹಾಕ್ಬುಡ್ತಾರಂತಲ್ಲ?"

ಹಾಗೇನಿಲ್ಲ. 2023ರ ಕೊನೆಯ ಸರ್ಕಾರಿ ಲೆಕ್ಕದ ಪ್ರಕಾರ ಜರ್ಮನಿಯಲ್ಲಿ ಇನ್ನೊಬ್ಬರ ಆರೈಕೆ ಬೇಕಾದವರು ಸುಮಾರು 57 ಲಕ್ಷ ಜನ. ಅವರಲ್ಲಿ ನೂರಕ್ಕೆ 86 ಮಂದಿ ಇರುವುದು ತಮ್ಮ ಮನೆಯಲ್ಲೇ. ಅರ್ಧಕ್ಕಿಂತ ಹೆಚ್ಚು ಜನರನ್ನು ನೋಡಿಕೊಳ್ಳುವುದು ಮನೆಯವರೇ, ಅಂದರೆ ಹೆಂಡತಿ, ಗಂಡ, ಮಗಳು, ಸೊಸೆ. ಇದನ್ನು ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲ.

ಹಾಗಾದರೆ ಆರೈಕೆ ಕೇಂದ್ರಕ್ಕೆ ಹೋಗುವವರು ಯಾಕೆ ಹೋಗುತ್ತಾರೆ? ನಾನು ಎರಡೂ ಕಡೆ ಕಂಡ ಕಾರಣಗಳು ಬಹುಮಟ್ಟಿಗೆ ಒಂದೇ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿಯುತ್ತದೆ. ಆಪರೇಷನ್ ಚೆನ್ನಾಗಿಯೇ ಆಗುತ್ತದೆ, ಆದರೆ ಡಿಸ್ಚಾರ್ಜ್ ದಿನ ನೋಡಿದರೆ ಮನೆಯ ಮೆಟ್ಟಿಲು ಹತ್ತಲಾಗದ ಮನುಷ್ಯ ಎದುರಿಗಿರುತ್ತಾನೆ. ಅಥವಾ ಮರೆವಿನ ಕಾಯಿಲೆ ಬರುತ್ತದೆ. ಹಗಲು ಹೇಗೋ ಕಳೆದೀತು, ರಾತ್ರಿ ಎರಡು ಗಂಟೆಗೆ ಎದ್ದು ಚಿಲಕ ತೆಗೆದು ಹೊರಡುವವರನ್ನು ಕಾಯುವವರಿಗೆ ನಿದ್ದೆ ಎಲ್ಲಿ? ಒಂದು, ಎರಡು ಹಾಸಿಗೆಯಲ್ಲೇ ಆಗತೊಡಗಿದರೆ ಮನೆಯ ದಿನಚರಿಯೆಲ್ಲ ಅದರ ಸುತ್ತ ತಿರುಗುತ್ತದೆ. ಇಷ್ಟನ್ನೂ ವರ್ಷಗಟ್ಟಲೆ ತಡೆದುಕೊಂಡ ಮನೆಗಳಿವೆ. ಕೊನೆಗೆ ಅವು ಸೋಲುವುದು ನೋಡಿಕೊಳ್ಳುತ್ತಿದ್ದವರೇ ಹಾಸಿಗೆ ಹಿಡಿದಾಗ.

ನನ್ನ ಕೆಳಗಿನ ಮನೆಯಲ್ಲಿ ಪಾರ್ಶ್ವವಾಯು ಬಡಿದ ಗಂಡನನ್ನು ಎಪ್ಪತ್ತು ದಾಟಿದ ಹೆಂಡತಿ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿಸಲು ದಾದಿಯೊಬ್ಬರು ಬರುತ್ತಿದ್ದರು, ಉಳಿದ ಹೊತ್ತೆಲ್ಲ ಆಕೆಯದೇ. ಆಕೆ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ಆತ ಆರೈಕೆ ಕೇಂದ್ರ ಸೇರಿದರು. ಈಗ ಆಕೆ ದಿನಾ ಮಧ್ಯಾಹ್ನ ಟ್ರಾಮ್ ಹತ್ತಿ ಹೋಗಿ, ಊಟ ಮಾಡಿಸಿ ಬರುತ್ತಾರೆ. ಇದನ್ನು ಕೈಬಿಟ್ಟದ್ದು ಅಂತ ಯಾರಾದರೂ ಅಂದರೆ ನಾನು ಜಗಳಕ್ಕೇ ಹೋದೇನು.

ನಮ್ಮ ನೆಂಟರ ಪೈಕಿ ಅಜ್ಜಿಯೊಬ್ಬರನ್ನು ಯಾರೂ ಆಶ್ರಮಕ್ಕೆ ಬಿಡಲಿಲ್ಲ. ಜಮೀನು ಭಾಗವಾದಾಗಲೇ ಹಿರಿಯರು ಕೂತು ತಿಂಗಳಿಗೊಬ್ಬ ಮಗನ ಮನೆ ಎಂದು ಸರದಿ ಮಾಡಿದ್ದರು. ಒಬ್ಬ ಊರಲ್ಲಿ, ಒಬ್ಬ ಮೈಸೂರಿನ ಕುವೆಂಪುನಗರದಲ್ಲಿ, ಇನ್ನೊಬ್ಬ ಬೆಂಗಳೂರಲ್ಲಿ. ಮಕ್ಕಳು ಒಂದು ತಿಂಗಳೂ ತಪ್ಪಿಸಲಿಲ್ಲ, ಊರವರೂ ಹೊಗಳಿದರು. ಆದರೆ ಅಜ್ಜಿಗೆ ಮರೆವು ಶುರುವಾಗಿತ್ತು. ಹಿತ್ತಿಲಲ್ಲಿದ್ದ ಕಕ್ಕಸು ಒಂದು ತಿಂಗಳಾದ ಮೇಲೆ ಮಲಗುವ ಕೋಣೆಯ ಪಕ್ಕಕ್ಕೆ ಬರುತ್ತಿತ್ತು, ಮರುತಿಂಗಳು ಮತ್ತೆಲ್ಲೋ. ಕತ್ತಲಲ್ಲಿ ತಡಕಾಡಿ ಬಾಗಿಲು ಸಿಗದೆ ಸೀರೆ ಒದ್ದೆಯಾದರೆ ನಾಚಿಕೆಯಿಂದ ಅಳುತ್ತಿದ್ದರು. ಮರೆವಿನ ಕಾಯಿಲೆಯವರಿಗೆ ಅದೇ ಕೋಣೆ, ಅದೇ ಮುಖ, ಅದೇ ಹೊತ್ತಿನ ಊಟ ಎಷ್ಟು ಮುಖ್ಯ ಎಂದು ಅವರ ಮನೆಯವರಿಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಮಕ್ಕಳ ಪಾಲಿಗೆ ನ್ಯಾಯವಾಗಿದ್ದ ಸರದಿ ಅಜ್ಜಿಯ ಪಾಲಿಗೆ ತಿಂಗಳು ತಿಂಗಳೂ ಹೊಸ ಪರದೇಶವಾಗಿತ್ತು.

ಈ ಸರದಿಯಲ್ಲಿ ನಿಜಕ್ಕೂ ದುಡಿದವರು ಮೂವರು ಸೊಸೆಯರು. ಅವರಲ್ಲೊಬ್ಬರು ಮದ್ದೂರಿನ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವರು. ಅತ್ತೆಯ ತಿಂಗಳು ಬಂದರೆ ಕೆಲಸಕ್ಕೆ ರಜೆ, ರಜೆಗೆ ಸಂಬಳ ಕಟ್. ಹೀಗೆ ಕಳೆದುಕೊಂಡದ್ದನ್ನು ಯಾರೂ ಲೆಕ್ಕ ಇಡಲಿಲ್ಲ.

ಜರ್ಮನಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಈ ಲೆಕ್ಕದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. 1995ರಿಂದ ಇಲ್ಲಿ ಆರೈಕೆ ವಿಮೆ ಕಡ್ಡಾಯ. ನನ್ನ ಸಂಬಳದಿಂದಲೂ ತಿಂಗಳು ತಿಂಗಳು ಹಿಡಿಯುತ್ತಾರೆ, ಮಕ್ಕಳಿಲ್ಲದವರಿಗೆ ಸ್ವಲ್ಪ ಜಾಸ್ತಿ. ಮನೆಯಲ್ಲಿ ಯಾರಾದರೂ ಕೈಲಾಗದವರಾದರೆ ಅರ್ಜಿ ಹಾಕಬೇಕು. ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಮನೆಗೇ ಬಂದು ಕೇಳುತ್ತಾರೆ: ತಾವಾಗಿ ಹಾಸಿಗೆಯಿಂದ ಏಳುತ್ತಾರಾ, ಬಟ್ಟೆ ಹಾಕಿಕೊಳ್ಳುತ್ತಾರಾ, ಮಾತ್ರೆಯ ನೆನಪಿರುತ್ತದಾ, ರಾತ್ರಿ ಗಲಾಟೆ ಮಾಡುತ್ತಾರಾ? ಆರು ವಿಭಾಗ. ಅದರಲ್ಲಿ ಸ್ನಾನ, ಉಡುಗೆ, ಊಟ, ಶೌಚದ ವಿಭಾಗಕ್ಕೇ ನೂರರಲ್ಲಿ 40ರ ತೂಕ. ಅಂಕ ನೋಡಿ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ, ಐದು ಎಂದರೆ ಎಲ್ಲರಿಗಿಂತ ಹೆಚ್ಚು ಆರೈಕೆ ಬೇಕಾದವರು. ಎರಡನೇ ದರ್ಜೆ ಅಥವಾ ಅದಕ್ಕಿಂತ ಮೇಲಿದ್ದು ಮನೆಯವರೇ ನೋಡಿಕೊಂಡರೆ, 2025ರ ದರದಲ್ಲಿ ತಿಂಗಳಿಗೆ 347ರಿಂದ 990 ಯೂರೋ ಬರುತ್ತದೆ. ನೋಡಿಕೊಳ್ಳುವವರ ಹೆಸರಿಗೆ ಪಿಂಚಣಿ ಕಂತನ್ನೂ ಕಟ್ಟುವ ವ್ಯವಸ್ಥೆಯಿದೆ. ಬೆನ್ನು ನೋಯದಂತೆ ರೋಗಿಯನ್ನು ಎತ್ತುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಾಯಿಸುವುದನ್ನೆಲ್ಲ ಬಿಟ್ಟಿಯಾಗಿ ಕಲಿಸುತ್ತಾರೆ. ಬಚ್ಚಲು ಸರಿಮಾಡಿಸಲು 4,180 ಯೂರೋವರೆಗೆ ನೆರವು ಸಿಗುತ್ತದೆ. ಸೊಸೆಯ ದುಡಿಮೆಯನ್ನು ದುಡಿಮೆ ಎಂದು ಒಪ್ಪಿಕೊಂಡ ಏರ್ಪಾಡು ಇದು. ನೂರಕ್ಕೆ 86 ಮಂದಿ ಮನೆಯಲ್ಲಿರುವುದರಲ್ಲಿ ಇದರ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ.

ಇಲ್ಲೂ ಸಂಕಟಗಳಿವೆ. ಆರೈಕೆ ಕೇಂದ್ರ ಸೇರಿದವರು, 2025ರ ಲೆಕ್ಕದಲ್ಲಿ, ವಿಮೆಯ ಹಣ ಕಳೆದೂ ಮೊದಲ ವರ್ಷ ತಿಂಗಳಿಗೆ ಸರಾಸರಿ 3,000 ಯೂರೋ ಆಸುಪಾಸು ಕೈಯಿಂದ ಕೊಡಬೇಕು. ಆಗದವರಿಗೆ ಸರ್ಕಾರ ಕೊಡುತ್ತದೆ, 2020ರಿಂದ ವರ್ಷಕ್ಕೆ ಒಂದು ಲಕ್ಷ ಯೂರೋಗಿಂತ ಹೆಚ್ಚು ದುಡಿಯುವ ಮಕ್ಕಳನ್ನು ಮಾತ್ರ ಅದು ಹಣ ಕೇಳುವುದು. ದಾದಿಯರ ಕೊರತೆ ಎಷ್ಟೆಂದರೆ ಕೇರಳದವರೆಗೂ ಹುಡುಕಿಕೊಂಡು ಬರುತ್ತಾರೆ. ಒಂಟಿತನದ ಮಾತಂತೂ ಬೇರೆಯೇ. ಸಂಜೆ ಜಗಲಿಯ ಮೇಲೆ ಕೂತರೆ ಹಾದುಹೋಗುವವರೆಲ್ಲ ಮಾತಾಡಿಸುವ ನಮ್ಮೂರಿನ ಸುಖವನ್ನು ಇಲ್ಲಿ ಯಾವ ವಿಮೆಯೂ ಕೊಡಲಾರದು.

ನಮ್ಮಲ್ಲಿ ಏನಿದೆ? 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಯ ಮುಂದೆ ದೂರು ಕೊಟ್ಟರೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಆಸ್ತಿ ಬರೆಸಿಕೊಂಡು ಹೊರಗೆ ಹಾಕುವವರ ವಿರುದ್ಧ ಅದು ಬೇಕೇ ಬೇಕು, ಅಂಥ ಮಕ್ಕಳು ಇದ್ದಾರೆ. ಆದರೆ ಅಮ್ಮನ ಮೇಲೆ ಪ್ರಾಣವನ್ನೇ ಇಟ್ಟುಕೊಂಡು, ಆಕೆಯನ್ನು ಎತ್ತಲಾಗದೆ ಬೆನ್ನು ಹಿಡಿದುಕೊಂಡು ಕೂತ ಮಗಳಿಗೆ ಈ ಕಾಯ್ದೆಯಿಂದ ಏನೂ ಸಿಗದು. ಹಿರಿಯರಿಗೆ ರಾಜ್ಯ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ದೊಡ್ಡವರ ಡೈಪರ್ ಒಂದಕ್ಕೆ 40 ರೂಪಾಯಿ ಎಂದರೂ, ದಿನಕ್ಕೆ ಮೂರರಂತೆ ಹತ್ತು ದಿನಕ್ಕೆ ಮುಗಿಯಿತು. 70 ದಾಟಿದವರಿಗೆ 2024ರಲ್ಲಿ ಬಂದ ಆಯುಷ್ಮಾನ್ ಕಾರ್ಡು ಆಸ್ಪತ್ರೆಯ ಬಿಲ್ಲಿಗೆ, ಮನೆಗೆ ಬಂದ ಮೇಲಿನ ಆರೈಕೆಗಲ್ಲ. ಇನ್ನು ವೃದ್ಧಾಶ್ರಮಗಳಲ್ಲಿ ಅನೇಕವು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಯಾರಿಗೆ ಮನೆಯಲ್ಲಿ ಆಗುತ್ತಿಲ್ಲವೋ ಅವರಿಗೇ ಬಾಗಿಲು ಮುಚ್ಚಿರುತ್ತದೆ.

ಮೈಸೂರನ್ನು ನಿವೃತ್ತರ ಸ್ವರ್ಗ ಎಂದು ಕರೆಯುವುದನ್ನು ಕೇಳುತ್ತಲೇ ಬೆಳೆದವನು ನಾನು. ಸರಸ್ವತಿಪುರಂ, ಜಯಲಕ್ಷ್ಮೀಪುರಂನಲ್ಲಿ ಮಕ್ಕಳೆಲ್ಲ ಹೊರಗಿದ್ದು, ದೊಡ್ಡ ಮನೆಯಲ್ಲಿ ಮುದುಕರಿಬ್ಬರೇ ಇರುವುದು ಈಗ ಮಾಮೂಲು. ಅವರಲ್ಲಿ ಕೆಲವರು ತಾವಾಗಿಯೇ ವಿಚಾರಿಸಿ, ಕೈಕಾಲು ಗಟ್ಟಿಯಿರುವಾಗಲೇ ಹಿರಿಯರ ವಸತಿ ಸೇರುತ್ತಾರೆ. ಅದು ಅವರ ಆಯ್ಕೆ, ಅದಕ್ಕೆ ಯಾರೂ ಮರುಗಬೇಕಿಲ್ಲ. ನನ್ನ ಚಿಂತೆ ಆಯ್ಕೆಯೇ ಇಲ್ಲದವರದು.

ಹೊಸ ಆಶ್ರಮದ ಕಟ್ಟಡಕ್ಕೆ ಪೂಜೆ ಮಾಡುವ ಮೊದಲು ಮಂಡ್ಯ, ಮೈಸೂರು ಜಿಲ್ಲೆಗಳು ಮನೆಯೊಳಗಿನ ಆರೈಕೆಗೆ ಹಣ ಇಡಲಿ. ತಾಲ್ಲೂಕಿಗೊಂದು ಹಗಲು ಆರೈಕೆ ಕೇಂದ್ರವಾದರೆ ಗಾರ್ಮೆಂಟ್ಸ್ ಬಸ್ಸು ಹತ್ತುವ ಸೊಸೆ ಅತ್ತೆಯನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗಬಹುದು. ಮೂಳೆ ಮುರಿದವರನ್ನು ಡಿಸ್ಚಾರ್ಜ್ ಮಾಡುವ ಮುಂಚೆ ಮನೆಯವರಿಗೆ ಎತ್ತುವುದು, ಕೂರಿಸುವುದನ್ನು ಕಲಿಸಿ ಕಳುಹಿಸುವ ಕೆಲಸ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೂ ತಪ್ಪದೆ ನಡೆಯಲಿ. ಜರ್ಮನಿಯಲ್ಲಿ ಮನೆಯಲ್ಲಿ ನೋಡಿಕೊಳ್ಳುವವರು ವಿರಾಮಕ್ಕೆ ಹೋದರೆ ಆ ವಾರಗಳಿಗೆ ಬದಲಿ ಆಳಿನ ಖರ್ಚನ್ನು ಒಂದು ಮಿತಿಯವರೆಗೆ ವಿಮೆ ಕೊಡುತ್ತದೆ. ನಮ್ಮಲ್ಲೂ ಹಾಸಿಗೆ ಹಿಡಿದವರನ್ನು ಹದಿನೈದು ದಿನದ ಮಟ್ಟಿಗೆ ಇಟ್ಟುಕೊಂಡು ನೋಡಿಕೊಳ್ಳುವ ನಾಲ್ಕಾರು ಹಾಸಿಗೆಗಳು ತಾಲ್ಲೂಕು ಆಸ್ಪತ್ರೆಯಲ್ಲಿರಲಿ. ಆಗ ಗೌರಿ ಹಬ್ಬಕ್ಕಾದರೂ ಆ ಸೊಸೆಯರು ತವರಿಗೆ ಹೋಗಿಬರಬಹುದು.